ಮೂವತ್ತನಾಲ್ಕನೆಯ ಸ್ಥಾನ

ಮಾರ್ಚ್ ೩, ಸೋಮವಾರ

ಇವತ್ತು ಮೈಕಿನ ಮುಂದೆ ದನಿ ಹೊರಡಲಿಲ್ಲ. ಸ್ವಿಚ್ ಒತ್ತಿದೆ, ಗಂಟೆಯ ಸದ್ದಾಯಿತು, "ಪ್ರಯಾಣಿಕರ ಗಮನಕ್ಕೆ" ಎನ್ನಬೇಕು. ಬಾಯಿ ತೆರೆದರೆ ಬರೀ ಗಾಳಿ. ಇಡೀ ನಿಲ್ದಾಣ ನನ್ನ ಉಸಿರನ್ನು ಕೇಳಿಸಿಕೊಂಡಿತು. ಗಾಜಿನಾಚೆ ಪೆಟ್ಟಿಗೆ ಹಿಡಿದು ನಿಂತಿದ್ದ ಹೆಂಗಸೊಬ್ಬಳು ತಲೆಯೆತ್ತಿ ಸ್ಪೀಕರನ್ನು ನೋಡಿದಳು, ಅಲ್ಲಿ ಯಾರೋ ಸಿಕ್ಕಿಕೊಂಡಿದ್ದಾರೆ ಎನ್ನುವ ಹಾಗೆ. ಎರಡನೆಯ ಸಲ ಹೇಗೋ ಬಂತು. ಆದರೆ ಅದು ನನ್ನ ದನಿಯಲ್ಲ, ನೆಲದ ಮೇಲೆ ತಗಡು ಎಳೆದಂತಿತ್ತು.

ಸ್ಟೇಷನ್ ಮಾಸ್ಟರ್ ಬಾಗಿಲಿಗೆ ಬಂದು ನಿಂತರು. "ಏನ್ ಮೇಡಂ, ಚಳಿಗಾಲದಿಂದ ಇದೇ ಹಾಡು. ನೆಗಡಿ ಇಷ್ಟು ದಿನ ಇರಲ್ಲ. ಮೊದಲು ತೋರಿಸ್ಕೊಳ್ಳಿ."

ಬಿಸಿನೀರು, ಜೇನುತುಪ್ಪ, ಎಲ್ಲ ಮಾಡಿ ಆಯಿತು ಎಂದೆ. ನಿಜ ಹೇಳಬೇಕೆಂದರೆ ತೋರಿಸಿಕೊಳ್ಳಲು ಹೆದರಿಕೆ. ತೋರಿಸಿದರೆ ತಾನೇ ಏನಾದರೂ ಕಾಣುವುದು.

ಸಂಜೆ ಇವರು ಲಿಫ್ಟ್ ರಿಪೇರಿ ಕೆಲಸ ಮುಗಿಸಿ ಮನೆಗೆ ಬಂದು ಕೈಯ ಗ್ರೀಸು ಉಜ್ಜಿಕೊಳ್ಳುತ್ತಿದ್ದಾಗ ಹೇಳಿದೆ. "ಹೂಂ" ಎಂದರು. ಅಷ್ಟೇ. ಮದುವೆಯಾದಾಗಿನಿಂದ ಈ ಮನೆಯಲ್ಲಿ ಮಾತು ನನ್ನದು, ಹೂಂ ಇವರದು. ಗೋಡೆಯ ಮುಂದೆ ಮಾತಾಡಿದರೆ ಗೋಡೆಯಾದರೂ ಪ್ರತಿಧ್ವನಿ ಕೊಡುತ್ತದೆ. ಬೇರೆ ಯಾರ ಹತ್ತಿರ ಹೇಳಿಕೊಳ್ಳಲಿ? ಅದಕ್ಕೇ ಖಾಲಿ ಬಿದ್ದಿದ್ದ ಈ ಡೈರಿಯನ್ನು ಹುಡುಕಿ ತೆಗೆದೆ.

ಮಾರ್ಚ್ ೬, ಗುರುವಾರ

ಗಂಟಲಿನ ಡಾಕ್ಟರು ನನ್ನ ತಂಗಿಯ ಮಗಳ ವಯಸ್ಸಿನವಳು. ಮೂಗಿನೊಳಗಿಂದ ಸಣ್ಣ ಕೊಳವೆ ಇಳಿಸಿದಳು. ಪರದೆಯ ಮೇಲೆ ನನ್ನದೇ ಗಂಟಲು ಕಾಣಿಸಿತು: ಎರಡು ಬಿಳಿ ಪಟ್ಟಿಗಳು ಬಾಗಿಲಿನ ಹಾಗೆ ತೆರೆದು ಮುಚ್ಚುತ್ತಿದ್ದವು. ಬಲಗಡೆಯ ಪಟ್ಟಿಯ ಮೇಲೆ ಸುಣ್ಣದ ಚಿಟಿಕೆಯಂಥ ಮಚ್ಚೆ.

"ಜೋರಾಗಿ ಕೂಗೋ ಕೆಲಸ ಏನಾದ್ರೂ ಮಾಡ್ತಿದ್ರಾ?"

"ರೈಲಿನ ಅನೌನ್ಸ್‌ಮೆಂಟು."

"ಅದು ಕೂಗೋದಲ್ಲ ಬಿಡಿ. ಅದಕ್ಕೂ ಮುಂಚೆ?"

ಇಲ್ಲ ಎಂದು ತಲೆಯಾಡಿಸಿದೆ. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಇವರು ಇದ್ದಕ್ಕಿದ್ದಂತೆ, "ಹಾಡ್ತಿದ್ಲು. ಹಾರ್ಡ್ ರಾಕ್. ರೆಕಾರ್ಡ್ ಕೂಡ ಬಂದಿತ್ತು. ಮೂವತ್ನಾಲ್ಕನೇ ಸ್ಥಾನ," ಎಂದರು. ಡಾಕ್ಟರು ನಕ್ಕಳು. ನನಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ಬಾಯಿ ಬಿಡದ ಮನುಷ್ಯ ಬಿಟ್ಟರೆ ಹೀಗೆ.

ಮಚ್ಚೆ ಯಾವ ಬಗೆಯದು ಎಂದು ಚೂರು ತೆಗೆದು ನೋಡಬೇಕಂತೆ. ಬಹಳಷ್ಟು ಸಲ ಏನೂ ಇರುವುದಿಲ್ಲವಂತೆ. "ಬಹಳಷ್ಟು ಸಲ" ಎಂದಾಗ ಅವಳು ನನ್ನ ಮುಖ ನೋಡಲಿಲ್ಲ, ಕಾಗದ ನೋಡುತ್ತಿದ್ದಳು.

ಹೊರಗೆ ಬೆಂಚಿನ ಮೇಲೆ ಒಬ್ಬ ಮುದುಕರು ಕುಳಿತಿದ್ದರು. ಕತ್ತಿನಲ್ಲಿ ತೂತು. ಅದಕ್ಕೆ ಬೆರಳು ಒತ್ತಿ ನರ್ಸಿನ ಹತ್ತಿರ ಏನೋ ಕೇಳಿದರು. ಆ ಸದ್ದು ಕೊಳಾಯಿಯಿಂದ ಬಂದಂತಿತ್ತು. ನನ್ನನ್ನು ನೋಡಿ ಮುಗುಳ್ನಕ್ಕರು. ನಾನು ನಗಲಿಲ್ಲ. ಮೆಟ್ಟಿಲನ್ನು ಕಂಬಿ ಹಿಡಿದುಕೊಂಡೇ ಇಳಿದೆ.

ಮಾರ್ಚ್ ೯, ಭಾನುವಾರ

ಬಚ್ಚಲ ನಲ್ಲಿ ಪೂರ್ತಿ ಬಿಟ್ಟು ಹಾಡಿ ನೋಡಿದೆ. ಯಾರಿಗೂ ಕೇಳಬಾರದೆಂದು. ಹಾಡಿದ್ದು ಅದೇ ಹಾಡು, "ಬೆಂಕಿಪೆಟ್ಟಿಗೆ". ಎಷ್ಟೋ ವರ್ಷಗಳ ಮೇಲೆ. ಮೇಲಿನ ಸ್ವರಕ್ಕೆ ಹೋಗುವಷ್ಟರಲ್ಲಿ ದನಿ ಎರಡಾಗಿ ಸೀಳಿತು. ನಿಲ್ಲಿಸಿದೆ.

ನಾವು ನಾಲ್ಕು ಜನ, ಬ್ಯಾಂಡಿನ ಹೆಸರು "ಸುತ್ತಿಗೆ". ಗಿಟಾರಿನವನು ಎಷ್ಟು ಸಣಕಲು ಎಂದರೆ ಎಲ್ಲರೂ ಅವನನ್ನು ಕಡ್ಡಿ ಎನ್ನುತ್ತಿದ್ದರು. ಆ ತಮಾಷೆಯಿಂದಲೇ ಹಾಡು ಹುಟ್ಟಿದ್ದು. ಡ್ರಮ್ಮಿನವನು ಈಗಿಲ್ಲ. ಬಾಸ್ ಗಿಟಾರು ಇವರದು. ಆಗಲೂ ಹಿಂದೆ ಗೋಡೆಗೆ ಒರಗಿ ನಿಂತೇ ಬಾರಿಸುತ್ತಿದ್ದರು.

ಭಾನುವಾರ ಸಂಜೆ ರೇಡಿಯೊದವರು ವಾರದ ನಲವತ್ತು ಹಾಡುಗಳನ್ನು ಕೆಳಗಿನಿಂದ ಮೇಲಕ್ಕೆ ಹೇಳುತ್ತಿದ್ದರು. ನಮ್ಮದು ಮೂವತ್ತೊಂಬತ್ತಕ್ಕೆ ಬಂತು. ಕಡ್ಡಿಯ ಕೋಣೆಯಲ್ಲಿ ನಾಲ್ವರೂ ಕಿರುಚಿದೆವು, ಕೆಳಗಿನ ಮನೆಯವರು ಕೋಲಿನಿಂದ ಸೂರು ಕುಟ್ಟಿದರು. ಮುಂದಿನ ವಾರ ಮೂವತ್ತನಾಲ್ಕು. ಅದರ ಮುಂದಿನ ವಾರವೂ ಮೂವತ್ತನಾಲ್ಕು. ಆಮೇಲೆ ಮೂವತ್ತೆಂಟು. ಆಮೇಲೆ ಇಲ್ಲ. ಮೂವತ್ತಕ್ಕಿಂತ ಕೆಳಗಿನ ಹಾಡುಗಳನ್ನು ಅವರು ಹಾಕುತ್ತಲೂ ಇರಲಿಲ್ಲ, ಹೆಸರು ಓದಿ ಮುಂದೆ ಹೋಗುತ್ತಿದ್ದರು. ಹಾಗಾಗಿ ನಮ್ಮ ಹಾಡಿನ ಹೆಸರು ನಾಲ್ಕು ಸಲ ಕೇಳಿಸಿತು, ಹಾಡು ಒಂದು ಸಲವೂ ಕೇಳಿಸಲಿಲ್ಲ.

ಐದನೆಯ ಭಾನುವಾರ ರೇಡಿಯೊ ಆರಿಸಿ ಕಡ್ಡಿ ನನ್ನ ಮುಖಕ್ಕೇ ಹೇಳಿದ: "ನಿನ್ನ ಗಂಟಲು ಗಾಜು ಕಣೇ. ಈ ಹಾಡಿಗೆ ಮರಳು ಕಾಗದ ಬೇಕಿತ್ತು." ಅಲ್ಲಿಗೆ ಬ್ಯಾಂಡು ಮುಗಿಯಿತು. ನಾನು ಅವನ ಜತೆ ಮಾತು ಬಿಟ್ಟೆ.

ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ? ಗುರುವಾರ ಚೂರು ತೆಗೆಯುತ್ತಾರೆ, ಅದರ ಬಗ್ಗೆ ಬರೆಯಲು ಕೈ ಬರುವುದಿಲ್ಲ, ಅದಕ್ಕೆ.

ಮಾರ್ಚ್ ೧೪, ಶುಕ್ರವಾರ

ಆಯಿತು. ಒಂದು ವಾರ ತುಟಿ ಬಿಚ್ಚಬಾರದು, ಪಿಸುಗುಟ್ಟಲೂಬಾರದು. ಇವರು ಸ್ಲೇಟು ತಂದಿದ್ದಾರೆ.

ಮಾರ್ಚ್ ೧೬, ಭಾನುವಾರ

ಮನೆಯಲ್ಲಿ ಸದ್ದೇ ಇಲ್ಲ. ಗೋಡೆ ಗಡಿಯಾರ ಇಷ್ಟು ಜೋರಾಗಿ ಹೊಡೆದುಕೊಳ್ಳುತ್ತದೆಂದು ಗೊತ್ತೇ ಇರಲಿಲ್ಲ. ಸುಮ್ಮನಿದ್ದರೆ ತಲೆಯೊಳಗಿನ ಮಾತು ಹೆಚ್ಚಾಗುತ್ತದೆ. ಆ ಮುದುಕರು ಕಣ್ಣ ಮುಂದೆ ಬರುತ್ತಾರೆ. ನಾನೂ ಬೆರಳು ಒತ್ತಿ ಅಂಗಡಿಯಲ್ಲಿ ಸಾಬೂನು ಕೇಳಬೇಕೇನೋ. ಮಕ್ಕಳು ಹೆದರಿ ಅಮ್ಮನ ಹಿಂದೆ ಅಡಗಿಕೊಳ್ಳುತ್ತವೇನೋ.

ಸ್ಲೇಟಿನಲ್ಲಿ ಬರೆದದ್ದನ್ನು ಓದಲು ಇವರಿಗೆ ಕನ್ನಡಕ ಬೇಕು, ಕನ್ನಡಕ ಎಲ್ಲಿದೆಯೆಂದು ಇವರಿಗೆ ನಾನು ಹೇಳಬೇಕು. ಕೊನೆಗೆ ಒಂದು ಸಲ ಮೇಜು ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಇಲ್ಲ ಎಂದು ಇವರೇ ನಿಯಮ ಮಾಡಿದರು. "ಟೀ ಬೇಕಾ? ಸಕ್ಕರೆ ಸಾಕಾ? ಕಿಟಕಿ ಹಾಕ್ಲಾ?" ಪಾಪ, ಒಂದೇ ಬೆಳಗ್ಗೆಯಲ್ಲಿ ಒಂದು ತಿಂಗಳ ಮಾತು ಖರ್ಚಾಯಿತು.

ಮಾರ್ಚ್ ೧೮, ಮಂಗಳವಾರ

ಇವರು ಪೇಪರ್ ಗಟ್ಟಿಯಾಗಿ ಓದುತ್ತಾರೆ. ಶಾಲೆಯ ಹುಡುಗನ ಹಾಗೆ, ಅಲ್ಪವಿರಾಮವನ್ನೂ ಬಿಡದೆ. ಹವಾಮಾನ, ಬಾಡಿಗೆ ಮನೆಯ ಜಾಹೀರಾತು, ಕಳೆದುಹೋದ ನಾಯಿಯ ಜಾಹೀರಾತು, ಎಲ್ಲ. ತಲೆ ಚಿಟ್ಟು ಹಿಡಿಯಿತು. ಎರಡು ಸಲ ಕುಟ್ಟಿದೆ. ನಿಲ್ಲಿಸಿದರು. ನಿಲ್ಲಿಸಿದ ಕೂಡಲೇ ಗಡಿಯಾರದ ಸದ್ದು, ಮಚ್ಚೆಯ ಯೋಚನೆ. ಮತ್ತೆ ಒಂದು ಸಲ ಕುಟ್ಟಿದೆ. ನಾಯಿ ಇನ್ನೂ ಸಿಕ್ಕಿಲ್ಲ.

ಪೇಪರ್ ಮುಗಿದ ಮೇಲೆ ಕೆಲಸದ ಕಥೆ ಶುರು ಮಾಡಿದರು. ಆಸ್ಪತ್ರೆಯ ಲಿಫ್ಟಿನ ಗುಂಡಿಯೊಳಗೆ ಇಳಿದಿದ್ದಾಗ ಮೇಲೆ ನಿಂತಿದ್ದ ಜತೆಗಾರ ಮರೆತು ಕರೆಂಟು ಹಾಕಿಬಿಟ್ಟನಂತೆ. ಲಿಫ್ಟು ತಲೆಯ ಮೇಲೆ ಇಳಿದು ಬರುತ್ತಿತ್ತಂತೆ. ಕೂಗಬೇಕೆಂದರೆ ದನಿ ಹೊರಡಲಿಲ್ಲವಂತೆ. ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಗೆ ಬಡಿದೂ ಬಡಿದೂ ಉಳಿದುಕೊಂಡರಂತೆ. ಯಾವಾಗ ಎಂದು ಸ್ಲೇಟಿನಲ್ಲಿ ಕೇಳಿದೆ. "ನಾವು ಈ ಮನೆಗೆ ಬಂದ ವರ್ಷ." ಆ ಸಂಜೆ ಮನೆಗೆ ಬಂದು ಏನು ಹೇಳಿದ್ದಿರಿ ಎಂದು ಬರೆದೆ. ಕನ್ನಡಕ ಹಾಕಿಕೊಂಡು ಓದಿ, ಯೋಚಿಸಿ, "ಹೂಂ ಅಂದಿರ್ತೀನಿ," ಎಂದರು.

ಮಾರ್ಚ್ ೨೧, ಶುಕ್ರವಾರ

ಅದೇ.

ಡಾಕ್ಟರು ಕ್ಯಾನ್ಸರ್ ಎನ್ನುವ ಮೊದಲೇ ಗೊತ್ತಾಯಿತು, ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡಳಲ್ಲ, ಆಗ. ಶುರುವಿನದಂತೆ. ಲೇಸರ್‌ನಲ್ಲಿ ಕತ್ತರಿಸಿ ತೆಗೆಯಬಹುದಂತೆ. ದನಿ ಉಳಿಯುತ್ತದಾ ಎಂದೆ. ಒಂದು ವಾರದ ಮೇಲೆ ಆಡಿದ ಮೊದಲ ಮಾತು ಅದು, ಅರ್ಧ ಗಾಳಿ. "ಒಂದು ಬಗೆಯ ದನಿ ಉಳಿಯುತ್ತೆ. ಈಗಿನದಲ್ಲ, ಮುಂಚಿನದಂತೂ ಅಲ್ಲ. ಆಳಕ್ಕೆ ಹೋಗಿದ್ರೆ ಮಾತ್ರ ಮುಂದೆ ಬೇರೆ ಯೋಚಿಸಬೇಕು." ಬೇರೆ ಎಂದರೇನು ಎಂದು ಕೇಳಲಿಲ್ಲ. ಬೇರೆ ಎಂದರೇನೆಂದು ಬೆಂಚಿನ ಮೇಲೆ ನೋಡಿದ್ದೇನೆ.

ಬಸ್ಸಿನಲ್ಲಿ ಇವರು ನನ್ನ ಕೈ ಹಿಡಿದುಕೊಂಡಿದ್ದರು. ಗ್ರೀಸಿನ ವಾಸನೆ. ಇಳಿಯುವ ಜಾಗ ದಾಟಿಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮಾರ್ಚ್ ೨೫, ಮಂಗಳವಾರ

ಆಸ್ಪತ್ರೆಯಲ್ಲಿ ಮಾತು ಕಲಿಸುವ ಹೆಂಗಸೊಬ್ಬಳಿದ್ದಾಳೆ. ಆಪರೇಷನ್ ಆದ ಮೇಲೆ ನಾನು ಅವಳ ಶಿಷ್ಯೆ. ನನ್ನ ಹಳೆಯ ದನಿ ಎಲ್ಲಾದರೂ ರೆಕಾರ್ಡ್ ಆಗಿದ್ದರೆ ತರಬೇಕಂತೆ, ಸ್ವರ ಎಲ್ಲಿತ್ತು ಎಂದು ಗೊತ್ತಾಗಲು. ಫೋನು ಜಾಲಾಡಿದೆವು. ವಿಡಿಯೊ ತೆಗೆಯುವವಳು ಯಾವಾಗಲೂ ನಾನೇ. ಎಲ್ಲದರಲ್ಲೂ "ಈ ಕಡೆ ನೋಡಿ, ಈ ಕಡೆ" ಎಂಬುದು ಬಿಟ್ಟರೆ ಬೇರೇನಿಲ್ಲ.

"ಹಾಡಿದೆಯಲ್ಲ," ಎಂದರು ಇವರು.

ನಮ್ಮ ರೆಕಾರ್ಡು ಹಿಂದೊಮ್ಮೆ ಮನೆ ಬದಲಿಸುವಾಗ ಒಡೆದುಹೋಯಿತು. ಇವರು ಇಂಟರ್‌ನೆಟ್ಟಿನಲ್ಲಿ ಒಂದು ಬೆರಳಿನಿಂದ ಒತ್ತಿ ಒತ್ತಿ ಹುಡುಕಿದರು. ಸಿಕ್ಕಿದ್ದು ಒಂದೇ ಸಾಲು. ಹಳೆಯ ಪಟ್ಟಿಗಳನ್ನೆಲ್ಲ ಯಾರೋ ಪುಣ್ಯಾತ್ಮ ಕೂಡಿಸಿಟ್ಟಿದ್ದಾನೆ. ಸುತ್ತಿಗೆ, ಬೆಂಕಿಪೆಟ್ಟಿಗೆ, ಅತಿ ಮೇಲಿನ ಸ್ಥಾನ ಮೂವತ್ತನಾಲ್ಕು, ನಾಲ್ಕು ವಾರ. ಸತ್ತವರ ಬಗ್ಗೆ ಬರೆದ ಹಾಗಿತ್ತು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಇವರು ಪೇಟೆಯ ಹಳೇ ರೆಕಾರ್ಡಿನ ಅಂಗಡಿಗಳಿಗೆಲ್ಲ ಹೋಗಿ ಬಂದರು. ಒಬ್ಬ ಅಂಗಡಿಯವನು ಹೇಳಿದನಂತೆ: "ಮೊದಲ ಹತ್ತಕ್ಕೆ ಬಂದದ್ದು ಎಲ್ಲರ ಮನೇಲೂ ಇರುತ್ತೆ. ಪಟ್ಟಿಗೇ ಬರದೇ ಇದ್ದದ್ದನ್ನ ಹುಚ್ಚರು ಇಟ್ಕೊಂಡಿರ್ತಾರೆ. ಮೂವತ್ನಾಲ್ಕನ್ನ ಯಾರು ಸಾರ್ ಇಟ್ಕೋತಾರೆ?"

ಮಾರ್ಚ್ ೨೭, ಗುರುವಾರ

ನನ್ನನ್ನು ಕೇಳದೆ ಕಡ್ಡಿಗೆ ಫೋನ್ ಮಾಡಿದ್ದಾರೆ! ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಂಡೆ. "ನಾನು ಕಣೋ... ಹೂಂ, ಬದುಕಿದ್ದೀನಿ... ಅವಳಿಗೆ ಗಂಟಲಲ್ಲಿ ಕ್ಯಾನ್ಸರ್ ಆಗಿದೆ." ಆ ಪದವನ್ನು ಈ ಮನೆಯಲ್ಲಿ ಇಷ್ಟು ಗಟ್ಟಿಯಾಗಿ ಯಾರೂ ಅಂದಿರಲಿಲ್ಲ. ಒಲೆ ಆರಿಸಿ ಅಲ್ಲೇ ಕೂತುಬಿಟ್ಟೆ.

ಮಾರ್ಚ್ ೩೦, ಭಾನುವಾರ

ಕಡ್ಡಿ ಬಂದ. ಈಗ ಡ್ರೈವಿಂಗ್ ಶಾಲೆ ಇಟ್ಟಿದ್ದಾನೆ. ನೆತ್ತಿಯ ಮೇಲೆ ಕಲಿಯುವವರ ಫಲಕ ಹೊತ್ತ ಕಾರಿನಿಂದ ಇಳಿದದ್ದು ಕಡ್ಡಿಯಲ್ಲ, ಕೊರಡು. ತಲೆಯಲ್ಲಿ ಒಂದು ಕೂದಲಿಲ್ಲ. ಕಂಕುಳಲ್ಲಿ ರೆಕಾರ್ಡು, ಕೈಯಲ್ಲಿ ಅದನ್ನು ಹಾಕುವ ಪೆಟ್ಟಿಗೆ.

"ಬೈಬೇಕು ಅಂತಿದ್ರೆ ಈಗಲೇ ಬೈದುಬಿಡಮ್ಮ, ಆಪರೇಷನ್ ಆದ್ಮೇಲೆ ಆಗಲ್ಲ," ಎಂದ. ನಗು ಬಂತು. ನಗುವೂ ಕೆಮ್ಮಾಯಿತು.

ಕೇಳಲು ನನಗೆ ಮನಸ್ಸಿರಲಿಲ್ಲ. ಕೇಳಿದರೆ ಏನು ಹೋಗುತ್ತಿದೆ ಎಂದು ಸ್ಪಷ್ಟವಾಗಿ ಗೊತ್ತಾಗಿಬಿಡುತ್ತದೆ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳೋಣ ಎಂದು ಎದ್ದೆ. ಅಷ್ಟರಲ್ಲಿ ಮುಳ್ಳು ಇಳಿದಿತ್ತು.

ಗರಗರ, ಆಮೇಲೆ ಡ್ರಮ್ಮಿನ ನಾಲ್ಕು ಏಟು, ಆಮೇಲೆ ಅವಳು. ಇಪ್ಪತ್ತಮೂರು ವರ್ಷದ ಹುಡುಗಿ. ಯಾವುದಕ್ಕೂ ಹೆದರದವಳು. ಅವಳು ನಾನು ಎಂದು ಅನ್ನಿಸಲೇ ಇಲ್ಲ. ಪಕ್ಕದ ಮನೆಯ ಹುಡುಗಿ ರಸ್ತೆ ದಾಟುವಾಗ ಲಾರಿ ಬರುತ್ತಿದೆ, ಅವಳಿಗೆ ಗೊತ್ತಿಲ್ಲ ಎನ್ನುವ ಹಾಗೆ ಎದೆ ಹೊಡೆದುಕೊಂಡಿತು. ಕೊನೆಯ ಸಾಲಿನಲ್ಲಿ ಅವಳ ದನಿಯ ಕೆಳಗೆ ಇನ್ನೊಂದು ದನಿ ಸೇರಿಕೊಳ್ಳುತ್ತದೆ, ಒರಟು, ಗಟ್ಟಿ. ಅವಳು ಜಾರುವ ಕಡೆ ಅದು ಹಿಡಿದುಕೊಳ್ಳುತ್ತದೆ.

ಮುಳ್ಳು ಎತ್ತಿದ ಮೇಲೆ ಕಡ್ಡಿಗೆ ಹೇಳಿದೆ: "ಗಾಜು, ಮರಳು ಕಾಗದ ಅಂತೆಲ್ಲ ಅಂದೆ, ಕೊನೇಲಿ ನೀನು ಚೆನ್ನಾಗೇ ಹಾಡಿದೀಯ."

"ನಾನೆಲ್ಲಿ ಹಾಡ್ದೆ? ಅವತ್ತು ನನಗೆ ಜ್ವರ, ಗಂಟಲು ಕಟ್ಟಿತ್ತು. ನೀನು ನಿನ್ನ ಭಾಗ ಮುಗಿಸಿ ಕೆಲಸಕ್ಕೆ ಓಡಿದ್ದೆ. ಹಾಡಿದ್ದು ಇವನು."

ಇವರು ನೆಲ ನೋಡುತ್ತಿದ್ದರು.

"ನೀವಾ?"

"ಹೂಂ."

"ಇಷ್ಟು ವರ್ಷ ಹೇಳ್ಲೇ ಇಲ್ವಲ್ರೀ!"

"ಮೇಲೆ ಹೋಗಿದ್ರೆ ಹೇಳ್ತಿದ್ನೇನೋ. ಮೂವತ್ನಾಲ್ಕಕ್ಕೇ ನಿಂತ್ಹೋಯ್ತು. ನನ್ನ ದನಿ ಸೇರಿದ್ದಕ್ಕೇ ಕೆಟ್ಟಿತೇನೋ ಅಂತ ಭಯ ಇತ್ತು. ಇವನು ಬೇರೆ ನಿನ್ನನ್ನ ಬೈದ. ಆವಾಗಲೇ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಆಮೇಲೆ ಬಿಡೋಕೇ ಬರಲಿಲ್ಲ."

ಕಡ್ಡಿ ಬೋಳುತಲೆ ಕೆರೆದುಕೊಂಡ. ನನಗೆ ಸಿಟ್ಟೋ ಅಳುವೋ ಗೊತ್ತಾಗಲಿಲ್ಲ. ಎಂಥ ಮನುಷ್ಯ! ಟೀ ಮಾಡಲು ಎದ್ದುಹೋದೆ. ಒಳಗಿದ್ದಷ್ಟು ಹೊತ್ತೂ ಇಬ್ಬರೂ ಮಾತಾಡುತ್ತಲೇ ಇದ್ದರು. ಅವನು ಹೋದ ಮೇಲೂ ಇವರು ನಿಲ್ಲಿಸಲಿಲ್ಲ.

ಆಪರೇಷನ್ನಿಗೆ ಇನ್ನು ನಾಲ್ಕೇ ದಿನ.

ಏಪ್ರಿಲ್ ೨, ಬುಧವಾರ

ನಾಳೆ. ಚೀಲ ಕಟ್ಟಿದೆ. ಟವೆಲು, ಚಪ್ಪಲಿ, ಸ್ಲೇಟು.

ಸ್ಟೇಷನ್ ಮಾಸ್ಟರಿಗೆ ಫೋನ್ ಮಾಡಿದೆ. ರಜೆಯೇನೋ ಕೊಟ್ಟರು. "ಅಂದ ಹಾಗೆ ಮೇಡಂ, ಅನೌನ್ಸ್‌ಮೆಂಟಿಗೆ ಮೆಷೀನ್ ಬಂದಿದೆ. ನೀವು ವಾಪಸ್ ಬಂದ್ಮೇಲೆ ನೋಡೋಣ," ಎಂದರು. ಫೋನಿನಲ್ಲಿ ಅವರ ಹಿಂದೆ ಆ ಮೆಷೀನು ಮಾತಾಡುವುದು ಕೇಳಿಸುತ್ತಿತ್ತು. ಎಲ್ಲ ಅಕ್ಷರವೂ ಸರಿ, ಎಲ್ಲ ರೈಲೂ ಒಂದೇ.

ಅರಿವಳಿಕೆ ಕೊಡುವಾಗ ಎಣಿಸಲು ಹೇಳುತ್ತಾರಂತೆ. ನನ್ನ ದನಿಯಲ್ಲಿ ನಾನು ಕೇಳುವ ಕೊನೆಯ ಮಾತು ಯಾವುದೋ ಸಂಖ್ಯೆಯಾಗಿರುತ್ತದೆ. ಏನಾದರೂ ಒಳ್ಳೆಯ ಮಾತು ಹೇಳಿಬಿಡಬೇಕು ಎಂದು ಸಂಜೆಯಿಂದ ಯೋಚಿಸುತ್ತಿದ್ದೇನೆ. ಇವರಿಗೆ ಹೇಳಲು ಹೋದರೆ ಬಾಯಿಗೆ ಬಂದದ್ದು, "ಗ್ಯಾಸು ಆಫ್ ಮಾಡೋದು ಮರೀಬೇಡಿ."

"ಮರೆಯಲ್ಲ," ಎಂದರು. ಸ್ಲೇಟನ್ನು ಚೀಲದಿಂದ ತೆಗೆದು ಮತ್ತೆ ಒಳಗಿಟ್ಟು, "ನನಗೆ ಲಿಫ್ಟ್ ಗುಂಡೀಲಿ ಆದ ಹಾಗೇ ಆಗ್ತಿದೆ," ಎಂದರು.

ಏಪ್ರಿಲ್ ೬, ಭಾನುವಾರ

ಬದುಕಿದ್ದೇನೆ. ನುಂಗಿದರೆ ಗಾಜು ನುಂಗಿದಂತೆ. ಕತ್ತರಿಸಿದ ಜಾಗದ ಅಂಚುಗಳಲ್ಲಿ ಕ್ಯಾನ್ಸರ್ ಉಳಿದಿದೆಯೇ ಎಂಬ ರಿಪೋರ್ಟು ಬರಬೇಕು. ಮಾತು ಎರಡು ವಾರ ಇಲ್ಲ.

ಏಪ್ರಿಲ್ ೧೦, ಗುರುವಾರ

ಇವರ ಮಾತಿಗೆ ಕೊನೆಯಿಲ್ಲ. ಪೇಪರು, ಲಿಫ್ಟು, ಕಡ್ಡಿಯ ಶಾಲೆಯಲ್ಲಿ ಬ್ರೇಕಿನ ಬದಲು ಇನ್ನೊಂದು ಒತ್ತಿದ ಪ್ರೊಫೆಸರು. ಬೆಳಗ್ಗೆ ಶೇವ್ ಮಾಡಿಕೊಳ್ಳುತ್ತ ಹಾಡುತ್ತಾರೆ ಕೂಡ. ಶ್ರುತಿಯಿಲ್ಲ. ಎರಡು ಸಲ ಕುಟ್ಟಿದರೆ ಕೇಳಿಸದ ಹಾಗೆ ನಟಿಸುತ್ತಾರೆ.

ರಿಪೋರ್ಟು ನಾಳೆ. ಊಟ ಸೇರಲಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಅಂಚುಗಳು ಶುದ್ಧ. ಡಾಕ್ಟರು ಎರಡು ಸಲ ಹೇಳಿದಳು. ಪ್ರತಿ ತಿಂಗಳೂ ಬಂದು ತೋರಿಸಬೇಕು, ಐದು ವರ್ಷ. ಆ ಐದು ವರ್ಷದ ಪ್ರತಿ ತಿಂಗಳೂ ಇದೇ ಬೆಂಚು.

ಬೆಂಚಿನ ಮೇಲೆ ಆ ಮುದುಕರಿದ್ದರು. ಇವರು ಹೋಗಿ ಅವರ ಪಕ್ಕದಲ್ಲೇ ಕೂತು ಮಾತಿಗೆ ಶುರು ಮಾಡಿದರು. ಮುದುಕರು ಮೊದಲು ಬಡಗಿಯಾಗಿದ್ದರಂತೆ. ಬೆರಳು ಒತ್ತಿ ಏನೋ ತಮಾಷೆ ಹೇಳಿದರು, ಇವರು ತೊಡೆ ತಟ್ಟಿ ನಕ್ಕರು. ನಾನು ಕೈಯೆತ್ತಿ ಮುಗಿದೆ. ಮಾತಾಡಲು ಬರದವಳಿಗೆ ಬೇರೆ ದಾರಿಯಿರಲಿಲ್ಲ. ಹತ್ತಿರದಿಂದ ನೋಡಿದರೆ ಆ ತೂತು ಅಷ್ಟೇನೂ ಭಯಂಕರವಿಲ್ಲ, ಅಂಗಿಯ ಗುಂಡಿಯಷ್ಟು ಅಗಲ.

ಏಪ್ರಿಲ್ ೧೮, ಶುಕ್ರವಾರ

ಮಾತು ಕಲಿಸುವವಳ ಕೋಣೆ. "ಆ ಅನ್ನಿ." ಬಾಯಿ ತೆರೆದು ಕೂತೆ. ಧೈರ್ಯ ಬರಲಿಲ್ಲ. ಏನೂ ಬರದಿದ್ದರೆ? ಬೇರೆ ಯಾರದೋ ಬಂದರೆ? ಅವಳು ಕಾದಳು. ಇವರು ಹೊರಗೆ ಬಾಗಿಲ ಹತ್ತಿರ ಅತ್ತಿಂದಿತ್ತ ತಿರುಗುತ್ತಿದ್ದರು, ಬೂಟಿನ ಸದ್ದು ಕೇಳುತ್ತಿತ್ತು. ಅದು ನಿಂತಿತು.

"ಆ."

ಬಾಗಿಲು ನೆಲಕ್ಕೆ ಉಜ್ಜಿದ ಹಾಗೆ, ತಗ್ಗು, ಗೊಗ್ಗರು. ಹೊರಗಿನಿಂದ ಇವರು ಬಾಗಿಲ ಮೇಲೆ ಒಂದು ಸಲ ಕುಟ್ಟಿದರು. ಅಳು ಬಂತು. ಅತ್ತರೆ ಗಂಟಲು ಬಿಗಿಯುತ್ತದೆ ಎಂದು ಅವಳು ಬೈದಳು.

ಮೇ ೧೨, ಸೋಮವಾರ

ಕೆಲಸಕ್ಕೆ ಹೋದೆ. ಮೈಕಿನ ಕೋಣೆಗೆ ಬೀಗ ಹಾಕಿದ್ದಾರೆ. ನನಗೆ ಕಳೆದುಹೋದ ಸಾಮಾನಿನ ಕೌಂಟರು. ಛತ್ರಿ, ಊಟದ ಡಬ್ಬಿ, ಒಂದೇ ಕಾಲಿನ ಬೂಟು. ಮೊದಲ ಗಿರಾಕಿ ಬಂದ. "ಏನು ಕಳೆದಿದೆ?" ಎಂದೆ. ಅವನು ಬೆಚ್ಚಿ ಮುಖ ನೋಡಿದ. ಆಮೇಲೆ, "ಚೀಲ. ನೀಲಿ," ಎಂದ. ಅಷ್ಟೇ. ಚೀಲ ಸಿಕ್ಕಿತು.

ಮೇ ೧೭, ಶನಿವಾರ

ಸೋಮವಾರ ಮತ್ತೆ ಕೊಳವೆ ಇಳಿಸುತ್ತಾರೆ. ಬೆಳಗ್ಗೆಯಿಂದ ಗಂಟಲಲ್ಲಿ ಏನೋ ಇದ್ದ ಹಾಗೆ. ಇದೆಯೋ, ಇಲ್ಲವೋ. ಕನ್ನಡಿಯ ಮುಂದೆ ಬಾಯಿ ತೆರೆದು ಟಾರ್ಚು ಬಿಟ್ಟುಕೊಂಡರೆ ಏನು ಕಾಣುತ್ತದೆ, ಮಣ್ಣು.

ಇದೇ ಯೋಚನೆಯಲ್ಲಿದ್ದಾಗ ಹಾಲು ಉಕ್ಕಿತು. ನೋಡಿಕೊಳ್ಳಿ ಎಂದಿದ್ದೆ, ಇವರು ಕಿಟಕಿಯಲ್ಲಿ ನಿಂತು ಎದುರು ಮನೆಯವನಿಗೆ ಮೂವತ್ತನಾಲ್ಕನೆಯ ಸ್ಥಾನದ ಕಥೆ ಹೇಳುತ್ತಿದ್ದರು. "ಸಾಕು ನಿಲ್ಸಿ ನಿಮ್ಮ ಪುರಾಣ! ಒಲೆ ಎಲ್ಲ ಹಾಲಾಯ್ತು!" ಎಂದು ಕಿರುಚಿದೆ. ದನಿ ಒಡೆಯಿತು, ಆದರೂ ಬೀದಿಯವರೆಗೆ ಹೋಯಿತು. ಇವರೂ ಸುಮ್ಮನಿರಲಿಲ್ಲ, "ಹಾಲು ತಾನೇ, ಊರೇ ಮುಳುಗಿದ ಹಾಗೆ ಆಡ್ತೀಯಲ್ಲ!" ಎಂದರು. ಅರ್ಧ ಗಂಟೆ ಜಗಳವಾಡಿದೆವು. ಎದುರು ಮನೆಯವನು ಕಿಟಕಿ ಹಾಕಿಕೊಂಡ. ಮಾತು ಕಲಿಸುವವಳು ಕೇಳಿದ್ದರೆ ನನ್ನನ್ನು ಕೊಲ್ಲುತ್ತಿದ್ದಳು.

ಆಮೇಲೆ ಇಬ್ಬರೂ ಸೇರಿ ಒಲೆ ಒರೆಸಿದೆವು. ಒರೆಸುತ್ತ ಕೇಳಿದರು, "ಸೋಮವಾರದ್ದೇ ಯೋಚನೇನಾ?"

"ಹೂಂ."

"ನನಗೂ ಅದೇ. ನಿನ್ನೆಯಿಂದ ಹೊಟ್ಟೇಲಿ ಕಲ್ಲು ಕೂತ ಹಾಗಿದೆ."

ಈಗ ಅಡುಗೆಮನೆಯಿಂದ ಏನೋ ಕೂಗಿ ಕೇಳುತ್ತಿದ್ದಾರೆ. ಬಟ್ಟೆ ಎಲ್ಲಿ ಹಾಕಲಿ ಎಂದೋ, ಸೋಮವಾರ ಎಷ್ಟು ಗಂಟೆಗೆ ಹೊರಡಬೇಕೆಂದೋ. ಸರಿಯಾಗಿ ಕೇಳಿಸುತ್ತಿಲ್ಲ. ಇಲ್ಲಿಗೇ ನಿಲ್ಲಿಸುತ್ತೇನೆ, ಉತ್ತರ ಕೊಡದಿದ್ದರೆ ಕೇಳುತ್ತಲೇ ಇರುತ್ತಾರೆ.